ಬೇಕಾಗಿರುವುದು ಎರಡನೆಯ ದನಿ

ನಾಯಕ ಹೇಳಿದ್ದಕ್ಕೆ, ಗುಂಪು ಮಾಡಿದ್ದಕ್ಕೆ ಒಳ್ಳೆಯ ಮನುಷ್ಯರೂ ಏಕೆ ತಲೆಯಾಡಿಸುತ್ತಾರೆ? ಪ್ರಯೋಗಾಲಯ, ಯುದ್ಧಭೂಮಿ ಮತ್ತು ನ್ಯಾಯಾಲಯಗಳ ಸಾಕ್ಷ್ಯ ಒಂದೇ ಕಡೆಗೆ ಬೆರಳು ತೋರಿಸುತ್ತದೆ.

ನಾಯಕನೊಬ್ಬನ ಮಾತಿಗೆ ಸಾವಿರಾರು ಜನ ಕಣ್ಣು ಮುಚ್ಚಿ ಹೂಂಗುಟ್ಟಿ, ಅದರಿಂದ ದೊಡ್ಡ ಅನಾಹುತ ನಡೆದುಹೋದ ಮೇಲೆ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಕೊಟ್ಟು ಸುಮ್ಮನಾಗುತ್ತೇವೆ. ಜನ ಕುರಿಮಂದೆ, ಮುಂದಿನದು ಹಳ್ಳಕ್ಕೆ ಬಿದ್ದರೆ ಹಿಂದಿನವೂ ಬೀಳುತ್ತವೆ ಎನ್ನುವುದು ಒಂದು. ಪಾಪ, ಜೀವಭಯ, ಅವರಾದರೂ ಏನು ಮಾಡಿಯಾರು ಎನ್ನುವುದು ಇನ್ನೊಂದು. ಎರಡೂ ನಮಗೆ ಅನುಕೂಲದ ಮಾತುಗಳೇ. ನಾವು ಕುರಿಗಳಲ್ಲ, ಸದ್ಯಕ್ಕೆ ಅಂಥ ಭಯವೂ ನಮಗಿಲ್ಲ. ಹಾಗಾಗಿ ಈ ಮಾತು ನಮ್ಮನ್ನು ಬಿಟ್ಟು ಬೇರೆಯವರಿಗೆ ಅನ್ವಯಿಸುತ್ತದೆ ಎಂದು ನೆಮ್ಮದಿಯಾಗಿರಬಹುದು. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಮನಃಶಾಸ್ತ್ರಜ್ಞರೂ ಇತಿಹಾಸಕಾರರೂ ಕಲೆಹಾಕಿದ ಸಾಕ್ಷ್ಯ ಈ ನೆಮ್ಮದಿಗೆ ಅವಕಾಶ ಕೊಡುವುದಿಲ್ಲ. ಹಾಗೆ ವಿಧೇಯರಾದವರಲ್ಲಿ ಬಹಳಷ್ಟು ಜನ ದಡ್ಡರಾಗಿರಲಿಲ್ಲ. ಎಷ್ಟೋ ಕಡೆ ಅವರ ತಲೆಗೆ ಯಾರೂ ಬಂದೂಕು ಹಿಡಿದಿರಲಿಲ್ಲ. ಮಾಡುತ್ತಿರುವುದು ಸರಿಯಿಲ್ಲ ಎಂಬ ಅಳುಕೂ ಅನೇಕರಲ್ಲಿತ್ತು. ಆ ಅಳುಕು ಮಾತಾಗಿ ಹೊರಬೀಳಲು ಬೇಕಿದ್ದದ್ದು ತನ್ನ ಜೊತೆಗೆ ನಿಲ್ಲುವ ಮತ್ತೊಬ್ಬ ಮನುಷ್ಯ. ಅವನು ಸಿಕ್ಕ ಕಡೆ ವಿಧೇಯತೆಯ ಕಟ್ಟು ಸಡಿಲವಾಗಿದೆ, ಸಿಗದ ಕಡೆ ಒಳ್ಳೆಯವರ ಕೈಯಿಂದಲೇ ಘೋರ ಕೃತ್ಯಗಳು ನಡೆದಿವೆ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಪ್ರಯೋಗ ಸ್ಟಾನ್ಲಿ ಮಿಲ್‌ಗ್ರಾಮ್ ಅವರದು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ಅಡಾಲ್ಫ್ ಐಕ್‌ಮನ್, ತಾನು ಮೇಲಿನವರ ಆಜ್ಞೆ ಪಾಲಿಸಿದೆನಷ್ಟೇ ಎಂದು ಜೆರುಸಲೇಮ್‌ನ ಕಟಕಟೆಯಲ್ಲಿ ವಾದಿಸಿದ್ದು 1961ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್‌ಗ್ರಾಮ್ ತಮ್ಮ ಪ್ರಯೋಗ ಆರಂಭಿಸಿದರು. ನೆನಪಿನ ಶಕ್ತಿಯ ಅಧ್ಯಯನ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಾಲ್ಕು ಡಾಲರ್ ಸಂಭಾವನೆಗೆ ಸಾಮಾನ್ಯ ಜನರನ್ನು ಕರೆಸಲಾಯಿತು. ಪಕ್ಕದ ಕೋಣೆಯಲ್ಲಿರುವ ವ್ಯಕ್ತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಸ್ವಿಚ್ ಒತ್ತಿ ಅವನಿಗೆ ವಿದ್ಯುತ್ ಆಘಾತ ಕೊಡಬೇಕು. ಒಂದೊಂದು ತಪ್ಪಿಗೂ 15 ವೋಲ್ಟ್ ಏರಿಸುತ್ತ 450ರವರೆಗೆ ಹೋಗಬೇಕು. ಆಘಾತ ನಿಜವಲ್ಲ, ಒಳಗಿದ್ದವನು ನಟಿಸುತ್ತಿದ್ದ. ಸ್ವಿಚ್ ಒತ್ತುವವನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಕೊನೆಯವರೆಗೆ ಹೋಗುವವರು ಸಾವಿರಕ್ಕೊಬ್ಬರು ಇರಬಹುದು ಎಂದು ಮನೋವೈದ್ಯರು ಮೊದಲೇ ಅಂದಾಜು ಮಾಡಿದ್ದರು. 1963ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 40 ಜನರ ಪೈಕಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದ್ದರು.

ಈ ಪ್ರಯೋಗದ ಕಥೆಯನ್ನು ಹೆಚ್ಚಿನವರು ಇಲ್ಲಿಗೇ ಮುಗಿಸಿ, ಮನುಷ್ಯನ ಸ್ವಭಾವವೇ ಇಷ್ಟು ಎಂದು ನಿಟ್ಟುಸಿರು ಬಿಡುತ್ತಾರೆ. ಮಿಲ್‌ಗ್ರಾಮ್ ಅಲ್ಲಿಗೆ ನಿಲ್ಲಿಸಿರಲಿಲ್ಲ. ಸಂದರ್ಭವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ಅದನ್ನೇ ಮತ್ತೆ ಮತ್ತೆ ನಡೆಸಿದರು. ಆದೇಶ ಕೊಡುವ ವಿಜ್ಞಾನಿ ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿದಾಗ ಕೊನೆಯವರೆಗೆ ಹೋದವರು ಐವರಲ್ಲಿ ಒಬ್ಬರು ಮಾತ್ರ. ಇಬ್ಬರು ವಿಜ್ಞಾನಿಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ಮಾತಾಡಿದಾಗ ಒಬ್ಬನೂ ಕೊನೆ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಮತ್ತೊಂದು ಬಗೆ. ಅಲ್ಲಿ ಸ್ವಿಚ್ ಒತ್ತುವವನ ಜೊತೆ, ಅವನಂತೆಯೇ ಜಾಹೀರಾತು ನೋಡಿ ಬಂದವರೆಂದು ತೋರಿಸಿಕೊಳ್ಳುವ ಇಬ್ಬರನ್ನು ಕೂರಿಸಲಾಗಿತ್ತು. ಒಬ್ಬ 150 ವೋಲ್ಟ್‌ನಲ್ಲಿ, ಇನ್ನೊಬ್ಬ 210ರಲ್ಲಿ ‘ಇನ್ನು ನನ್ನಿಂದಾಗದು’ ಎಂದು ಎದ್ದುಬಿಡುತ್ತಾರೆ. ಆಗ 40 ಜನರಲ್ಲಿ 36 ಮಂದಿ ತಾವೂ ನಿರಾಕರಿಸಿದರು. ಊರು ಅದೇ, ಯಂತ್ರ ಅದೇ, ಬಂದವರೂ ಅಂಥದೇ ಜನ. ಬದಲಾದದ್ದು ಅಕ್ಕಪಕ್ಕದಲ್ಲಿ ಯಾರಿದ್ದರು ಎಂಬುದಷ್ಟೇ. ವಿಧೇಯತೆ ಸ್ವಭಾವದೊಳಗೇ ಬೆರೆತದ್ದಾದರೆ ಅದು ಇಷ್ಟು ಸುಲಭವಾಗಿ ಮೂರರಲ್ಲಿ ಎರಡು ಪಾಲಿನಿಂದ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತಿರಲಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು ಸಾಲಮನ್ ಆಶ್ ಇದನ್ನೇ ಇನ್ನೂ ಸರಳವಾಗಿ ತೋರಿಸಿದ್ದರು. ಹಾಳೆಯ ಮೇಲಿನ ಗೆರೆಗಳಲ್ಲಿ ಯಾವುದು ಯಾವುದಕ್ಕೆ ಸಮ ಎಂದು ಹೇಳುವುದಷ್ಟೇ ಕೆಲಸ. ಮೊದಲೇ ಮಾತಾಡಿಕೊಂಡು ಬಂದ ಗುಂಪು ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿದಾಗ, ಗುಂಪಿನಲ್ಲಿದ್ದ ಒಬ್ಬ ಅಮಾಯಕ ತನ್ನ ಕಣ್ಣನ್ನೇ ನಂಬದೆ ಸುಮಾರು ಮೂರರಲ್ಲಿ ಒಂದು ಸಲ ಅವರ ಹಿಂದೆ ಹೋದ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳುವವನಿದ್ದಾಗ ಈ ತಪ್ಪು ನೂರಕ್ಕೆ ಐದರ ಆಸುಪಾಸಿಗೆ ಇಳಿಯಿತು. ಆಸ್ಪತ್ರೆಗಳಲ್ಲಿಯೂ ಇದರ ಗುರುತಿದೆ. 1966ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅಪರಿಚಿತ ವೈದ್ಯನೊಬ್ಬ ಫೋನಿನಲ್ಲಿ ಹೇಳಿದ್ದಕ್ಕೆ, ಶೀಶೆಯ ಮೇಲೆ ಬರೆದ ಗರಿಷ್ಠ ಪ್ರಮಾಣದ ಎರಡು ಪಟ್ಟು ಔಷಧ ಕೊಡಲು 22 ನರ್ಸ್‌ಗಳಲ್ಲಿ 21 ಮಂದಿ ಹೊರಟರು. 1977ರಲ್ಲಿ ಬೇರೆ ಸಂಶೋಧಕರು ಅದನ್ನು ಪುನಃ ನಡೆಸಿದಾಗ ಔಷಧ ನರ್ಸ್‌ಗಳಿಗೆ ಪರಿಚಿತವಾದದ್ದು, ಸಹೋದ್ಯೋಗಿಗಳ ಬಳಿ ವಿಚಾರಿಸಲೂ ಅವಕಾಶವಿತ್ತು. ಆಗ 18 ಮಂದಿಯಲ್ಲಿ ಒಪ್ಪಿದವರು ಇಬ್ಬರೇ.

ಇವೆಲ್ಲ ನಾಟಕ, ಬಂದವರಿಗೂ ಅದು ಗೊತ್ತಿತ್ತು ಎಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯೇಲ್‌ನ ದಾಖಲೆಗಳನ್ನು ಜಾಲಾಡಿದ ಜೀನಾ ಪೆರಿ 2012ರ ತಮ್ಮ ಪುಸ್ತಕದಲ್ಲಿ, ಭಾಗವಹಿಸಿದವರಲ್ಲಿ ಅನೇಕರಿಗೆ ಆಘಾತ ನಿಜವೇ ಎಂಬ ಸಂಶಯವಿತ್ತು ಎಂದು ತೋರಿಸಿದ್ದಾರೆ. ಸ್ಟೀಫನ್ ರೈಕರ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಎಂಬ ಮನಃಶಾಸ್ತ್ರಜ್ಞರ ವಿಮರ್ಶೆ ಇನ್ನೂ ಆಳದ್ದು. ಅವರ ಪ್ರಕಾರ ಆ ಜನ ಆಜ್ಞೆಗೆ ಮಣಿದವರೇ ಅಲ್ಲ. ‘ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು’ ಎಂದು ಗದರಿಸಿದಾಗ ಹೆಚ್ಚಿನವರು ತಿರುಗಿಬಿದ್ದರು. ಪ್ರಯೋಗಕ್ಕೆ ನಿಮ್ಮ ಸಹಾಯ ಬೇಕು ಎಂದಾಗ ಮುಂದುವರಿದರು. ವಿಜ್ಞಾನದ ಒಂದು ದೊಡ್ಡ ಕೆಲಸದಲ್ಲಿ ತಾವೂ ಪಾಲುದಾರರು ಎಂಬ ನಂಬಿಕೆ ಅವರನ್ನು ಮುನ್ನಡೆಸಿತ್ತು. ಈ ವಿಮರ್ಶೆ ನಮ್ಮ ತಿಳಿವಳಿಕೆಯನ್ನು ಹೆಚ್ಚಿಸುತ್ತದೆ. ಜನ ನಾಯಕನ ಹಿಂದೆ ಹೋಗುವುದು ಅವನಲ್ಲಿ ತಮ್ಮದೇ ಆಸೆ, ತಮ್ಮದೇ ಅಭಿಮಾನ ಕಂಡಾಗ. ಹಾಗೆ ಒಂದು ಸಲ ಹಿಂದೆ ಬಿದ್ದ ಮೇಲೆ ಮೆಟ್ಟಿಲುಗಳು ತೀರ ಸಣ್ಣವು. 150 ವೋಲ್ಟ್ ಸರಿಯಾಗಿದ್ದರೆ 165 ಏಕೆ ತಪ್ಪು? ಇಲ್ಲಿ ನಿಂತರೆ ಇಷ್ಟು ಹೊತ್ತು ಮಾಡಿದ್ದೆಲ್ಲ ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದೆ. ರಾಜಕಾರಣದಲ್ಲಿ ಈ ಭಕ್ತಿಯ ಅಪಾಯವನ್ನು ಬಿ.ಆರ್. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಮುಂದಿಟ್ಟಿದ್ದರು. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಎಚ್ಚರಿಕೆಯಾಗಿತ್ತು.

ನಾಟಕವಿಲ್ಲದ ಕಡೆ

ಪ್ರಯೋಗಾಲಯದ ಸಾಕ್ಷ್ಯ ಸಾಲದೆನ್ನುವವರು ಪೋಲೆಂಡಿನ ಯೂಜೆಫುಫ್ ಎಂಬ ಊರಿನ ಕಡೆ ನೋಡಬೇಕು. 1942ರ ಜುಲೈ 13ರ ಮುಂಜಾನೆ ಜರ್ಮನಿಯ 101ನೇ ಮೀಸಲು ಪೊಲೀಸ್ ಬೆಟಾಲಿಯನ್ನಿನ ಸುಮಾರು 500 ಮಂದಿ ಅಲ್ಲಿ ಸೇರಿದ್ದರು. ಹೆಚ್ಚಿನವರು ಹ್ಯಾಂಬರ್ಗ್‌ನ ಮಧ್ಯವಯಸ್ಸಿನ ಸಂಸಾರಸ್ಥರು. ಬಂದರಿನ ಕೂಲಿಗಳು, ಚಾಲಕರು, ಗುಮಾಸ್ತರು. ಊರಿನ ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕೆಂಬ ಆದೇಶವನ್ನು ಓದಿದ ಮೇಜರ್ ಟ್ರಾಪ್, ಈ ಕೆಲಸ ಆಗದು ಎನ್ನುವ ಹಿರಿಯರು ಮುಂದೆ ಬಂದರೆ ಬಿಟ್ಟುಬಿಡುತ್ತೇನೆ ಎಂದೂ ಹೇಳಿದ. ಮೊದಲು ಒಬ್ಬ ಮುಂದೆ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ. ಮೇಜರ್ ಅಡ್ಡ ಬಂದು ಅವನನ್ನು ಕಾಪಾಡಿದ. ಅದನ್ನು ನೋಡಿದ ಮೇಲೆ ಇನ್ನೂ ಹತ್ತು ಹನ್ನೆರಡು ಜನ ಮುಂದೆ ಬಂದರು. ಉಳಿದವರು ಕೆಲಸಕ್ಕೆ ಹೊರಟರು, ಅಂದು ಸುಮಾರು 1,500 ಜನ ಸತ್ತರು. ಯುದ್ಧಾನಂತರದ ವಿಚಾರಣೆಗಳಲ್ಲಿ ಈ ಪೊಲೀಸರು ಕೊಟ್ಟ ಹೇಳಿಕೆಗಳನ್ನು ಅಭ್ಯಸಿಸಿದ ಇತಿಹಾಸಕಾರ ಕ್ರಿಸ್ಟೋಫರ್ ಬ್ರೌನಿಂಗ್, ಆ ಬೆಟಾಲಿಯನ್ ಒಟ್ಟು ಕನಿಷ್ಠ 38,000 ಜನರನ್ನು ಗುಂಡಿಟ್ಟು ಕೊಂದಿತೆಂದು ಲೆಕ್ಕ ಹಾಕಿದ್ದಾರೆ. ನಿರಸ್ತ್ರ ಜನರನ್ನು ಕೊಲ್ಲಲು ಒಪ್ಪದ್ದಕ್ಕಾಗಿ ಯಾರಿಗಾದರೂ ಘೋರ ಶಿಕ್ಷೆಯಾಯಿತೆಂದು ತೋರಿಸುವ ಒಂದೇ ಒಂದು ಪ್ರಕರಣವನ್ನೂ ದಶಕಗಳ ವಿಚಾರಣೆಯಲ್ಲಿ ಆರೋಪಿಗಳ ವಕೀಲರಿಗೆ ಒದಗಿಸಲಾಗಲಿಲ್ಲ. ಆ ಪೊಲೀಸರನ್ನು ಕಟ್ಟಿಹಾಕಿದ್ದು ಹೊಲಸು ಕೆಲಸವನ್ನು ಜೊತೆಗಾರರ ತಲೆಗೆ ಹಾಕಿ ಹೇಡಿ ಎನಿಸಿಕೊಳ್ಳುವ ಸಂಕೋಚ.

ಆ ಪೊಲೀಸರಲ್ಲಿ ಯಹೂದಿ ದ್ವೇಷ ಮೊದಲೇ ತುಂಬಿತ್ತು, ಆದೇಶ ನೆಪ ಮಾತ್ರ ಎಂದು ಡೇನಿಯಲ್ ಗೋಲ್ಡ್‌ಹಾಗನ್ ವಾದಿಸಿದ್ದಾರೆ. ದ್ವೇಷ ಇತ್ತು, ಅದು ಕೈಗಳನ್ನು ಹಗುರ ಮಾಡಿತು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದೇ ದ್ವೇಷದ ಗಾಳಿ ಕುಡಿದು ಬೆಳೆದವರಲ್ಲೇ ಕೆಲವರು, ಮೊದಲನೆಯವನಿಗೆ ರಕ್ಷಣೆ ಸಿಕ್ಕಿದ್ದನ್ನು ಕಂಡ ಕೂಡಲೇ, ಸಾಲಿನಿಂದ ಹೊರಬಂದರು. ದ್ವೇಷವೊಂದೇ ಎಲ್ಲವನ್ನೂ ನಿರ್ಧರಿಸಿದ್ದರೆ ಆ ಹತ್ತು ಹನ್ನೆರಡು ಮಂದಿ ಎಲ್ಲಿಂದ ಬರುತ್ತಿದ್ದರು?

ನಮ್ಮ ದೇಶದ ಪಾಠ 1975ರ ಜೂನ್ 25ರ ರಾತ್ರಿಯಿಂದ 21 ತಿಂಗಳು ನಡೆದ ತುರ್ತುಪರಿಸ್ಥಿತಿಯಲ್ಲಿದೆ. 1975–76ರಲ್ಲಿ 26 ಲಕ್ಷದಷ್ಟಿದ್ದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು 1976–77ರಲ್ಲಿ 80 ಲಕ್ಷ ದಾಟಿದವು. ದೆಹಲಿಯಲ್ಲಿ ಕುಳಿತ ನಾಯಕರು ಕತ್ತರಿ ಹಿಡಿಯಲಿಲ್ಲ. ಹಳ್ಳಿ ಹಳ್ಳಿಯಲ್ಲಿ ಹೆಸರು ಬರೆದುಕೊಂಡವರು ಮೇಷ್ಟ್ರುಗಳು, ಕಂದಾಯ ನೌಕರರು; ಜನರನ್ನು ಎಳೆತಂದವರು ಪೊಲೀಸರು; ಮಾಡಿದವರು ವೈದ್ಯರು. ತಲೆಗಿಷ್ಟು ಗುರಿ, ಗುರಿ ಮುಟ್ಟದಿದ್ದರೆ ಸಂಬಳ ಇಲ್ಲ, ಬಡ್ತಿ ಇಲ್ಲ. ಈ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ 1,774 ಸಾವುಗಳನ್ನು ಆನಂತರ ತನಿಖೆ ನಡೆಸಿದ ಷಾ ಆಯೋಗ ದಾಖಲಿಸಿತು. ಎಷ್ಟೋ ಆದೇಶಗಳು ಬಾಯಿಮಾತಿನವು, ಅವನ್ನು ಪಾಲಿಸಿದವರಿಗೆ ಬರಹದಲ್ಲಿ ಕೇಳುವಷ್ಟೂ ಧೈರ್ಯ ಬಂದಿರಲಿಲ್ಲ. ಭಯ ನಿಜವಾಗಿತ್ತು ಎಂಬ ಮಾತನ್ನು ಇಲ್ಲಿ ಒಪ್ಪಲೇಬೇಕು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧಿಸಲಾಗಿತ್ತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದರೆ ಭಯಕ್ಕೂ ಒಂಟಿತನವೇ ಗೊಬ್ಬರ. ಜಿಲ್ಲೆಯ ನೂರು ಅಧಿಕಾರಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಅಸಮಾಧಾನವಿದ್ದರೂ ಪ್ರತಿಯೊಬ್ಬನೂ ತಾನೊಬ್ಬನೇ ಎಂದುಕೊಂಡರೆ, ಹೊರಗಿನವರ ಕಣ್ಣಿಗೆ ಆ ಜಿಲ್ಲೆ ಒಕ್ಕೊರಲಿನದು.

ಜೈಲಿನ ಭಯವಿಲ್ಲದ ಕಡೆಯೂ ತಲೆಗಳು ಬಾಗಿದವು. ಬಂಧಿತರು ತಮ್ಮ ಬಂಧನವನ್ನು ಪ್ರಶ್ನಿಸಬಹುದೆಂದು ಕರ್ನಾಟಕ ಹೈಕೋರ್ಟ್ ಸೇರಿ ಒಂಬತ್ತು ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ತೀರ್ಪುಗಳನ್ನು ತಳ್ಳಿಹಾಕಿದರು. ಒಪ್ಪದಿದ್ದವರು ಎಚ್.ಆರ್. ಖನ್ನಾ ಒಬ್ಬರೇ. ಅದರ ಬೆಲೆಯನ್ನೂ ಅವರು ತೆತ್ತರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಅವರ ಒಂಟಿ ದನಿಯಿಂದ ಅಂದು ಒಬ್ಬ ಬಂಧಿತನೂ ಬಿಡುಗಡೆಯಾಗಲಿಲ್ಲ. ಹಾಗಿದ್ದ ಮೇಲೆ ಅದರಿಂದ ಬಂದ ಪ್ರಯೋಜನವೇನು? ಉತ್ತರ ಮುಂದಿನ ವರ್ಷಗಳಲ್ಲಿದೆ. ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ಖಾತರಿ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಖಾಸಗಿತನದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ಆ ತೀರ್ಪನ್ನೇ ರದ್ದುಗೊಳಿಸಿತು. ಆ ಪೀಠದ ಪ್ರಧಾನ ತೀರ್ಪು ಬರೆದ ಡಿ.ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗ. ಮೊದಲ ದನಿಗೆ ಜೊತೆ ಸಿಗಲು ನಲವತ್ತೊಂದು ವರ್ಷ ಬೇಕಾಯಿತು. ಬರಹದಲ್ಲಿ ಉಳಿದಿದ್ದರಿಂದ ಅದಾದರೂ ಸಾಧ್ಯವಾಯಿತು.

ಒಬ್ಬರು ಸಾಕೇ?

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಸಾಕ್ಷ್ಯವೂ ಇದೆ. ಮಿಲ್‌ಗ್ರಾಮ್ ಪ್ರಯೋಗವನ್ನು ಸೌಮ್ಯಗೊಳಿಸಿ ಜೆರ್ರಿ ಬರ್ಗರ್ ಮತ್ತೆ ನಡೆಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ 150 ವೋಲ್ಟ್ ದಾಟಲು ಸಿದ್ಧರಾದವರು ನೂರಕ್ಕೆ 70. ತಮ್ಮ ಎದುರಿಗೇ ಒಬ್ಬ ವ್ಯಕ್ತಿ 90 ವೋಲ್ಟ್‌ನಲ್ಲಿ ನಿರಾಕರಿಸಿದ್ದನ್ನು ನೋಡಿದವರಲ್ಲೂ ನೂರಕ್ಕೆ 63 ಮಂದಿ ಮುಂದುವರಿದರು. ಇನ್ನೂ ಘೋರವಾದದ್ದು 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ ನಡೆದದ್ದು. ಜಿಮ್ ಜೋನ್ಸ್ ಎಂಬ ಪಂಥನಾಯಕ ವಿಷ ಕುಡಿಯಲು ಹೇಳಿದಾಗ ಕ್ರಿಸ್ಟೀನ್ ಮಿಲ್ಲರ್ ಎಂಬ ಹೆಂಗಸು ತುಂಬಿದ ಸಭೆಯಲ್ಲಿ ಎದ್ದು ನಿಂತು, ಮಕ್ಕಳಿಗೆ ಬದುಕುವ ಹಕ್ಕಿದೆ ಎಂದು ವಾದಿಸಿದರು. ಆ ಮಾತು ಅಂದಿನ ಧ್ವನಿಮುದ್ರಣದಲ್ಲಿದೆ. ಅವರ ಬಾಯಿ ಮುಚ್ಚಿಸಿದವರು ಅಕ್ಕಪಕ್ಕದಲ್ಲಿದ್ದ ಅನುಯಾಯಿಗಳೇ. ಅಂದು ಅಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ನೂರಾರು. ಹಾಗಾಗಿ ಒಂದು ದನಿ ಎದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಹೇಳಲಾಗದು. ಮಿಲ್‌ಗ್ರಾಮ್ ಕೋಣೆಯಲ್ಲಿ ಎದ್ದವರು ಇಬ್ಬರು. ಆಶ್‌ನ ಗುಂಪಿನಲ್ಲಿ ಸರಿಯುತ್ತರ ಹೇಳಿದವನಿಗೆ ಆ ಅಮಾಯಕನೇ ಎರಡನೆಯವನಾದ. ಯೂಜೆಫುಫ್‌ನಲ್ಲಿ ಮೊದಲನೆಯವನ ಬೆನ್ನಿಗೆ ಸ್ವತಃ ಮೇಜರ್ ನಿಂತಿದ್ದ. ಜೋನ್ಸ್‌ಟೌನ್‌ನಲ್ಲಿ ಸುತ್ತ ಕಾಡು, ಶಸ್ತ್ರಧಾರಿ ಕಾವಲು. ಅಷ್ಟು ಹೊತ್ತಿಗೆ ಹೊರಗೆ ಹೋಗುವ ಬಾಗಿಲುಗಳೆಲ್ಲ ಮುಚ್ಚಿದ್ದವು, ಮಿಲ್ಲರ್ ಪರವಾಗಿ ಎರಡನೆಯ ದನಿ ಏಳಲಿಲ್ಲ. ಮೊದಲನೆಯವರ ಧೈರ್ಯ ಫಲ ಕೊಡುವುದು ಎರಡನೆಯವರು ಸಿಕ್ಕಾಗ, ಅದೂ ಬಾಗಿಲು ತೆರೆದಿರುವಾಗಲೇ ಸಿಕ್ಕಾಗ.

ವಿಧೇಯತೆಯಿಲ್ಲದೆ ಸಮಾಜ ನಡೆಯುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಪ್ರತಿಯೊಬ್ಬನೂ ಪ್ರಶ್ನೆ ಕೇಳುತ್ತ ನಿಂತರೆ ಸೈನ್ಯ, ಆಸ್ಪತ್ರೆ, ಸಂಚಾರ ಯಾವುದೂ ಸಾಗದು ಎನ್ನುವುದು ಅವರ ವಾದ. ಆದೇಶ ಪಾಲನೆ ಅತಿ ಹೆಚ್ಚು ಬೇಕಾದ ಒಂದು ಕ್ಷೇತ್ರವೇ ಇದಕ್ಕೆ ಉತ್ತರ ಕೊಟ್ಟಿದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಸಿಗುವ ಮೊದಲೇ ವಿಮಾನ ಹಾರಿಸಲು ಹೊರಟ ಡಚ್ ಕ್ಯಾಪ್ಟನ್ ತನ್ನ ವಿಮಾನ ಸಂಸ್ಥೆಯ ಅತ್ಯಂತ ಗೌರವಾನ್ವಿತ ಪೈಲಟ್‌ಗಳಲ್ಲಿ ಒಬ್ಬ. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಇಂಜಿನಿಯರ್ ಕೇಳಿದ್ದ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ ಮೇಲೆ ಯಾರೂ ಮತ್ತೆ ಬಾಯಿ ಬಿಡಲಿಲ್ಲ. ಇಂಥ ಅಪಘಾತಗಳ ನಂತರ ವಿಮಾನಯಾನ ಜಗತ್ತು ಹೊಸ ತರಬೇತಿ ಶುರುಮಾಡಿತು. ಕಿರಿಯರು ಸಂಶಯವನ್ನು ಜೋರಾಗಿ ಹೇಳಬೇಕು, ಕ್ಯಾಪ್ಟನ್ ಅದನ್ನು ಕೇಳಿಸಿಕೊಳ್ಳಲೇಬೇಕು ಎನ್ನುವುದು ಅದರ ತಿರುಳು. ಅದರಿಂದ ಕಾಕ್‌ಪಿಟ್‌ನ ಶಿಸ್ತೇನೂ ಹಾಳಾಗಲಿಲ್ಲ. ಪ್ರಶ್ನೆಗೆ ಉತ್ತರ ಕೊಡಬಲ್ಲ ಅಧಿಕಾರಕ್ಕೆ ಜನ ಇನ್ನಷ್ಟು ವಿಶ್ವಾಸದಿಂದ ವಿಧೇಯರಾಗುತ್ತಾರೆ.

ಎದುರು ಮಾತಾಡುವವರೆಲ್ಲ ಸರಿಯಾಗಿರುವುದಿಲ್ಲ ಎನ್ನುವುದೂ ನಿಜ. ಲಸಿಕೆ ಬೇಡ ಎನ್ನುವವರದೂ ಒಂದು ಗುಂಪೇ, ಅಲ್ಲಿಯೂ ಕುರುಡು ಭಕ್ತಿಯಿದೆ. ಆದರೆ ಆಶ್ ತಮ್ಮ ಒಂದು ಪ್ರಯೋಗದಲ್ಲಿ, ಬಹುಮತಕ್ಕಿಂತಲೂ ಹೆಚ್ಚು ತಪ್ಪಾದ ಉತ್ತರ ಹೇಳುವ ಭಿನ್ನಮತೀಯನನ್ನು ಕೂರಿಸಿ ನೋಡಿದರು. ಆಗಲೂ ಉಳಿದವರ ತಪ್ಪುಗಳು ಬಹಳವಾಗಿ ಕಡಿಮೆಯಾದವು. ಒಕ್ಕೊರಲು ಮುರಿದ ಕೂಡಲೇ ಅವರು ಮತ್ತೆ ತಮ್ಮ ಕಣ್ಣಿನಿಂದ ಗೆರೆಗಳನ್ನು ನೋಡತೊಡಗಿದ್ದರು. ಭಿನ್ನಮತ ಸರಿಯೇ ತಪ್ಪೇ ಎಂದು ಅಳೆಯುವುದು ಆಮೇಲಿನ ಕೆಲಸ. ಅಳೆಯಬೇಕಾದರೆ ಮೊದಲು ಅದು ಕಿವಿಗೆ ಬೀಳಬೇಕು.

ಇಷ್ಟು ತಿಳಿದ ಮೇಲೂ ನಾವು ಕಟ್ಟಿಕೊಂಡಿರುವ ನಿಯಮಗಳು ಯಾವ ದಿಕ್ಕಿಗಿವೆ? 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ, ಆತ್ಮಸಾಕ್ಷಿ ಒಪ್ಪದ ಮಸೂದೆಯ ವಿರುದ್ಧ ಪಕ್ಷದ ವಿಪ್ ಮೀರಿ ಒಬ್ಬಂಟಿಯಾಗಿ ಮತ ಹಾಕಿದ ಶಾಸಕ ಸ್ಥಾನ ಕಳೆದುಕೊಳ್ಳಬಹುದು. ಮೂರನೇ ಎರಡರಷ್ಟು ಮಂದಿ ಗುಂಪಾಗಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ರಕ್ಷಣೆಯುಂಟು. ಒಬ್ಬನ ತತ್ವಕ್ಕೆ ಶಿಕ್ಷೆ, ಗುಂಪಿನ ಲಾಭಕ್ಕೆ ವಿನಾಯಿತಿ. ಸರ್ಕಾರಗಳನ್ನು ಉರುಳಿಸುವ ವ್ಯಾಪಾರ ನಿಲ್ಲಬೇಕು ಎನ್ನುವುದು ಸರಿ. ಅದಕ್ಕೆ 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಸೂಚಿಸಿದಂತೆ ವಿಶ್ವಾಸಮತದಂಥ ಸಂದರ್ಭಗಳಿಗೆ ಮಾತ್ರ ಅನರ್ಹತೆಯನ್ನು ಸೀಮಿತಗೊಳಿಸಿದರೆ ಸಾಕು. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿಗೆ ಪತ್ರ ಬರೆದು, ಹೆಸರು ಗೋಪ್ಯವಾಗಿಡಿ ಎಂದು ಕೋರಿದ್ದ ಇಂಜಿನಿಯರ್ ಸತ್ಯೇಂದ್ರ ದುಬೆಯವರ ಹೆಸರು ಗೋಪ್ಯವಾಗಿ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾದ ಮೇಲೆ, ಅಕ್ರಮ ಬಯಲಿಗೆಳೆಯುವವರಿಗೆ ರಕ್ಷಣೆ ಬೇಕೆಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಅಂಥ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹತ್ತು ವರ್ಷ ಕಳೆದರೂ ಅದು ಜಾರಿಗೆ ಬರಲಿಲ್ಲ. ಮೊದಲು ಮಾತಾಡುವವರಿಗೆ ಇಷ್ಟು ದುಬಾರಿ ಬೆಲೆ ಕಟ್ಟಿಟ್ಟು, ಜನ ಕುರಿಗಳಾದರು ಎಂದು ದೂರುವ ಹಕ್ಕು ನಮಗಿಲ್ಲ.

ಕಾನೂನು ತಿದ್ದುವುದು ಸಂಸತ್ತಿನ ಕೆಲಸ, ಅದಕ್ಕಾಗಿ ಒತ್ತಾಯಿಸುವುದು ನಮ್ಮ ಕೆಲಸ. ಅದರ ಜೊತೆಗೆ ಯಾವ ಕಾನೂನಿಗೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಶೂನ್ಯ ಸಂಪಾದನೆಯಲ್ಲಿ ಮುಕ್ತಾಯಕ್ಕ ಅಲ್ಲಮಪ್ರಭುವಿನ ಎದುರು ನಿಂತು ವಾದಿಸುವುದನ್ನು ಗೌರವದಿಂದ ಓದಿಕೊಂಡು ಬಂದ ನಾಡು ನಮ್ಮದು. ಹಿರಿಯರನ್ನು ಪ್ರಶ್ನಿಸುವುದು ಇಲ್ಲಿ ಹೊರಗಿನಿಂದ ಬಂದ ಗುಣವಲ್ಲ. ಸಂಘದ ಮಹಾಸಭೆಯಲ್ಲಿ, ಕಚೇರಿಯ ಬೈಠಕ್ಕಿನಲ್ಲಿ, ಗ್ರಾಮಸಭೆಯಲ್ಲಿ, ಮನೆತನದ ಮಾತುಕತೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿರುವಾಗ ಯಾರೋ ಒಬ್ಬರು ಅಳುಕುತ್ತ ‘ಇದು ಸರಿಯೇ?’ ಎಂದು ಕೇಳುತ್ತಾರೆ. ಮೊದಲಿಗರಾಗುವ ಎದೆಗಾರಿಕೆ ಎಲ್ಲರಿಗೂ ಇರಲಿಕ್ಕಿಲ್ಲ. ಆದರೆ ಅವರ ಅಭಿಪ್ರಾಯವನ್ನು ನೀವು ಒಪ್ಪಿ, ಬಿಡಿ, ‘ಅವರ ಮಾತನ್ನು ಪೂರ್ತಿ ಕೇಳೋಣ’ ಎಂದು ಹೇಳುವುದು ನಮ್ಮಲ್ಲಿ ಯಾರಿಂದಲೂ ಸಾಧ್ಯ. ಮುಂದಿನ ಸಭೆಯಲ್ಲಿ ಅಷ್ಟನ್ನು ದಯವಿಟ್ಟು ಹೇಳಿ.